ನೆಹಲೆನ್ನಿಯಾಳ ಉಡಿ

ನಮ್ಮ ನೀಲಾಂಬಿಕಾ ಮಾಮಿ ಬಸ್ಸು ಓಡಿಸುತ್ತಾಳೆ ಎಂದರೆ ಗುಳೇದಗುಡ್ಡದ ನೆಂಟರು ಇವತ್ತಿಗೂ ನಂಬುವುದಿಲ್ಲ. ಫೋಟೊ ಕಳಿಸಿದರೆ, ನಿಂತ ಬಸ್ಸಿನ ಮುಂದೆ ಯಾರು ಬೇಕಾದರೂ ನಿಂತು ತೆಗೆಸಿಕೊಳ್ಳಬಹುದು ಎಂದರು. ವಿಡಿಯೊ ಕಳಿಸಿದೆ. ಅದಕ್ಕೆ, ಎಂಟೇ ಸೀಟಿನ ಇದನ್ನು ಬಸ್ಸು ಅನ್ನಬೇಕೋ ಟೆಂಪೊ ಅನ್ನಬೇಕೋ ಎಂದು ಹೊಸ ತಕರಾರು ತೆಗೆದರು. ಆಮೇಲೆ ನಾನು ಅವರ ತಂಟೆಗೆ ಹೋಗಿಲ್ಲ.

ಅದು ಚಿಕ್ಕ ಬಸ್ಸೇ, ಒಪ್ಪುತ್ತೇನೆ. ನೆದರ್ಲೆಂಡ್ಸಿನ ನೈಋತ್ಯ ತುದಿಯಲ್ಲಿರುವ ಝೇಲಂಡ್ ಪ್ರಾಂತ್ಯದಲ್ಲಿ ಹಳ್ಳಿಗಳು ಸಣ್ಣವು, ದೊಡ್ಡ ಬಸ್ಸಿಗೆ ಜನ ಸಾಲುವುದಿಲ್ಲ. ಅದಕ್ಕೆ ಊರವರೇ ಸರದಿಯ ಮೇಲೆ, ಸಂಬಳವಿಲ್ಲದೆ, ಒಂದು ಪುಟ್ಟ ಬಸ್ಸು ಓಡಿಸುತ್ತಾರೆ. ‘ಬ್ಯೂರ್ತ್‌ಬಸ್’ ಎಂದು ಅದರ ಹೆಸರು. ಮಾಮಿ ವಾರದಲ್ಲಿ ನಾಲ್ಕು ದಿನ ಮಿಡೆಲ್‌ಬರ್ಗಿನ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಗುರುವಾರ ಈ ಬಸ್ಸು ಓಡಿಸುತ್ತಾಳೆ. ಬಸ್ಸು ಹತ್ತುವ ಎಲ್ಲರ ಮೊಣಕಾಲು ನೋವು, ಮೊಮ್ಮಕ್ಕಳ ಪರೀಕ್ಷೆ, ಸತ್ತವರ ಸುದ್ದಿ ಆಕೆಗೆ ಗೊತ್ತು.

ನಾನು ಸ್ಮಿತಾ. ಮಾಮಿಯ ಗಂಡ ಚನ್ನಯ್ಯ ಮಾಮ ನನ್ನ ಅವ್ವನ ತಮ್ಮ. ಅವ್ವ, ಅಂದರೆ ಮಹಾದೇವಕ್ಕ, ಹಾರ್ಲೆಮ್‌ನಲ್ಲಿ ನಮ್ಮ ಜೊತೆಯೇ ಇದ್ದಾಳೆ. ಮಾಮ ಫ್ಲಿಸಿಂಗೆನ್ ಬಂದರಿನಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದರ ಎಂಜಿನಿಯರ್ ಆಗಿದ್ದ. ಅವನು ಹೃದಯ ನಿಂತು ತೀರಿಕೊಂಡಾಗ ಮಗ ಈಶಾನ್ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದ. ಊರಿಗೆ ಬಂದುಬಿಡು ಎಂದು ಎಲ್ಲರೂ ಮಾಮಿಯನ್ನು ಕರೆದರು. ಕರೆದವರಲ್ಲಿ ಪ್ರೀತಿಯೂ ಇತ್ತು, ಆಕೆಯನ್ನು ಕೂರಿಸಲು ಮನೆಯಲ್ಲಿ ಒಂದು ಮೂಲೆಯೂ ಸಿದ್ಧವಿತ್ತು. ಮಾಮಿಗೆ ಮೂಲೆ ಬೇಡವಾಗಿತ್ತು. ಡಚ್ ಕಲಿತಳು, ಸೈಕಲ್ ಕಲಿತಳು, ಎರಡು ಸಲ ಫೇಲಾಗಿ ಮೂರನೇ ಸಲ ಡ್ರೈವಿಂಗ್ ಲೈಸೆನ್ಸ್ ಪಡೆದಳು.

ಆದರೆ ಒಂದು ವಿಷಯದಲ್ಲಿ ಮೂಲೆ ಆಕೆಯನ್ನು ಹುಡುಕಿಕೊಂಡು ಇಲ್ಲಿಗೂ ಬಂದಿತ್ತು. ನಮ್ಮ ಕಡೆ ಶುಭಕಾರ್ಯವೆಂದರೆ ಉಡಿ ತುಂಬುವುದು. ದೇವಿಗೋ, ಬಸುರಿಗೋ, ತವರಿನಿಂದ ಹೊರಟ ಮಗಳಿಗೋ ಮಡಿಲಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಹಸಿರು ಬಳೆ, ಒಂದು ರವಿಕೆಯ ಖಣ ಹಾಕುತ್ತಾರೆ. ತುಂಬುವವರು ಮುತ್ತೈದೆಯರೇ ಆಗಬೇಕು, ಐದು ಜನ ಇದ್ದರೆ ಇನ್ನೂ ಒಳ್ಳೆಯದು. ಗಂಡ ತೀರಿದವರು ತುಂಬುವಂತಿಲ್ಲ. ಹಾಗೆಂದು ಯಾರೂ ಬೋರ್ಡು ಹಾಕಿಲ್ಲ, ಆದರೆ ಎಲ್ಲರಿಗೂ ಗೊತ್ತು.

ನನ್ನ ಕುಬಸ, ಅಂದರೆ ಸೀಮಂತ, ಹಾರ್ಲೆಮ್‌ನ ಮನೆಯಲ್ಲೇ ಆಯಿತು. ಮಾಮಿ ಹಿಂದಿನ ದಿನವೇ ಬಂದು, ನೆರೆದವರಿಗೆಲ್ಲ ಸಾಲುವಷ್ಟು ಹೋಳಿಗೆ ಮಾಡಿದಳು. ಉಡಿ ತುಂಬುವ ಹೊತ್ತಿಗೆ ಸಡಗರದಲ್ಲಿ ಮೈಮರೆತು ಅಕ್ಕಿಯ ತಟ್ಟೆಗೆ ಕೈ ಹಾಕಿದಳು. ಅವ್ವ ಮೆಲ್ಲಗೆ ಆಕೆಯ ಮುಂಗೈ ಹಿಡಿದಳು. ನಾನು ಸೆರಗು ಬಿಟ್ಟು ಎದ್ದು ಅವ್ವನ ಮೇಲೆ ರೇಗಿದೆ. ಮಾಮಿಯೇ ನನ್ನ ಭುಜ ಒತ್ತಿ ಕೂರಿಸಿ, ಹೋಳಿಗೆ ಸೀದುಹೋಗುತ್ತದೆ ಎಂದು ಅಡುಗೆಮನೆಗೆ ನಡೆದಳು. ಒಲೆ ಆರಿಸಿ ಆಗಲೇ ಬಹಳ ಹೊತ್ತಾಗಿತ್ತು.

ಅವ್ವನೂ ಗಂಡನನ್ನು ಕಳೆದುಕೊಂಡವಳೇ. ಅಂದು ಆಕೆಯೂ ಮಗಳ ಉಡಿಗೆ ಒಂದು ಕಾಳು ಹಾಕಲಿಲ್ಲ, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ದೂರ ಕೂತು ನೋಡಿದಳು. ತಾನು ಪಾಲಿಸಿದ್ದನ್ನೇ ಬೇರೆಯವರೂ ಪಾಲಿಸಲಿ ಎನ್ನುವ ಹೆಂಗಸಿನ ಜೊತೆ ಜಗಳ ಗೆಲ್ಲುವುದು ಕಷ್ಟ. ನಾನು ಗೆದ್ದಿಲ್ಲ.

ಇನ್ನು ಈಶಾನ್. ಅವನು ಬೆಳೆದದ್ದೇ ಹಡಗುಗಳನ್ನು ನೋಡುತ್ತ. ಫ್ಲಿಸಿಂಗೆನ್‌ನ ಕಡಲ ದಂಡೆಗೆ ಹಡಗುಗಳು ಎಷ್ಟು ಹತ್ತಿರ ಹಾದುಹೋಗುತ್ತವೆಂದರೆ ಡೆಕ್ಕಿನ ಮೇಲೆ ಒಣಗಲು ಹಾಕಿದ ಬಟ್ಟೆಯ ಬಣ್ಣ ಕಾಣುತ್ತದೆ. ನೌಕಾ ಶಿಕ್ಷಣ ಮುಗಿಸಿ, 2019ರ ಡಿಸೆಂಬರಿನಲ್ಲಿ ಒಂದು ದೊಡ್ಡ ಸರಕು ಹಡಗಿಗೆ ಮೂರನೇ ಎಂಜಿನಿಯರ್ ಆಗಿ ಹತ್ತಿದ. ಐದು ತಿಂಗಳ ಕರಾರು. ಮೇ ತಿಂಗಳಲ್ಲಿ ಬಂದು ಹೊಸ ಗ್ಯಾಸ್ ಒಲೆ ಕೊಡಿಸುವುದಾಗಿ ಮಾಮಿಗೆ ಮಾತು ಕೊಟ್ಟಿದ್ದ.

ಮಾರ್ಚಿನಲ್ಲಿ ಜಗತ್ತು ಬಾಗಿಲು ಹಾಕಿಕೊಂಡಿತು. ನಾವು ಮನೆಯಲ್ಲಿ ಸಿಕ್ಕಿಬಿದ್ದೆವೆಂದು ಗೊಣಗುತ್ತಿದ್ದಾಗ ಹಡಗಿನವರು ಹಡಗಿನಲ್ಲೇ ಸಿಕ್ಕಿಬಿದ್ದರು. ಒಂದೊಂದು ಬಂದರಿನಲ್ಲೂ ಸರಕು ಇಳಿಯುತ್ತಿತ್ತು, ಮನುಷ್ಯರು ಇಳಿಯುವಂತಿರಲಿಲ್ಲ. ಅವರು ಹೊತ್ತು ತಂದ ಗೋಧಿ ಬೇಕು, ಅವರ ಉಸಿರು ಬೇಡ. ಬದಲಿ ಜನರಿಗೆ ವಿಮಾನವಿಲ್ಲ, ವೀಸಾ ಇಲ್ಲ. ಮೇ ಹೋಗಿ ಆಗಸ್ಟ್ ಬಂತು, ಆಗಸ್ಟ್ ಹೋಗಿ ಅಕ್ಟೋಬರ್ ಬಂತು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಮೊದಮೊದಲು ಈಶಾನ್ ಫೋನಿನಲ್ಲಿ ಎಲ್ಲ ಹೇಳುತ್ತಿದ್ದ: ಅಡುಗೆಯವನ ಮೇಲೆ ದೂರು, ಎಂಜಿನ್ನಿನ ತಕರಾರು, ಫಿಲಿಪೀನ್ಸಿನ ಗೆಳೆಯರು ಕಲಿಸಿದ ಹಾಡು. ಆಮೇಲೆ ಎಲ್ಲಕ್ಕೂ ‘ಫೈನ್’ ಎನ್ನತೊಡಗಿದ. ವಿಡಿಯೊ ಹಾಕು ಎಂದರೆ ನೆಟ್‌ವರ್ಕ್ ಇಲ್ಲ ಎನ್ನುತ್ತಿದ್ದ. ಒಂದು ದಿನ, ನೆಲದ ಮೇಲೆ ನಡೆಯುವುದು ಹೇಗೆಂದು ಮರೆತುಹೋಗಿದೆ ಅನ್ನಿಸುತ್ತದೆ ಎಂದ. ತಮಾಷೆಗೆ ಹೇಳಿದ್ದೆಂದು ಅವನೇ ಸೇರಿಸಿದ. ಮಾಮಿಗೆ ತಮಾಷೆ ಯಾವುದು, ಅಲ್ಲದ್ದು ಯಾವುದು ಎಂದು ಚೆನ್ನಾಗಿ ಗೊತ್ತಿತ್ತು. ಅವತ್ತಿನಿಂದ ಆಕೆಗೆ ಬೇಕಾದದ್ದು ಒಂದೇ: ಮಗ ಹಡಗಿನಿಂದ ಇಳಿಯಬೇಕು, ಪೂರ್ತಿ ಮುರಿಯುವ ಮೊದಲು ಇಳಿಯಬೇಕು.

ಬಸ್ಸು ಕೆಲ ತಿಂಗಳು ನಿಂತು, ಬೇಸಿಗೆಯ ನಂತರ ಅರ್ಧ ಸೀಟು ಖಾಲಿ ಬಿಟ್ಟು, ಡ್ರೈವರ್ ಸೀಟಿನ ಸುತ್ತ ಪ್ಲಾಸ್ಟಿಕ್ ಪರದೆ ಕಟ್ಟಿಕೊಂಡು ಮತ್ತೆ ಓಡತೊಡಗಿತ್ತು. ಅದರ ಕೊನೆಯ ನಿಲ್ದಾಣ ಕೊಲೈನ್ಸ್‌ಪ್ಲಾಟ್ ಎಂಬ ಮೀನುಗಾರರ ಊರು. ಅಲ್ಲಿ ಬಂದರಿನ ಪಕ್ಕದಲ್ಲಿ ಹೆಂಚಿನ ಮಾಡಿನ ಒಂದು ಚೌಕ ಗುಡಿ ಇದೆ. ಗುಡಿ ಈಚಿನದು, ಆದರೆ ರೋಮನ್ನರ ಕಾಲದಲ್ಲಿ ಅದೇ ದಂಡೆಯಲ್ಲಿದ್ದ ಗುಡಿಯ ಮಾದರಿಯಲ್ಲಿ ಕಟ್ಟಿದ್ದು. ಹಳೆಯದು ಎಂದೋ ನೀರಿನಡಿ ಹೋಯಿತು. 1970ರಲ್ಲಿ ಮೀನುಗಾರನೊಬ್ಬನ ಬಲೆಯಲ್ಲಿ ಮೀನಿನ ಬದಲು ಕೆತ್ತಿದ ಕಲ್ಲು ಬಂದಾಗ ಜನರಿಗೆ ಅದರ ನೆನಪಾಯಿತು. ದೇವಿಯ ಹೆಸರು ನೆಹಲೆನ್ನಿಯಾ. ಇಲ್ಲಿಂದ ಸಮುದ್ರ ದಾಟಿ ಬ್ರಿಟನ್ನಿಗೆ ಹೋಗುತ್ತಿದ್ದ ರೋಮನ್ ಕಾಲದ ವ್ಯಾಪಾರಿಗಳು, ನಾವಿಕರು ಹೊರಡುವ ಮೊದಲು ಆಕೆಗೆ ಬೇಡಿಕೊಳ್ಳುತ್ತಿದ್ದರು.

ಮಾಮಿ ಈ ಗುಡಿಯೆದುರು ಎಷ್ಟೋ ಗುರುವಾರ ಬಸ್ಸು ನಿಲ್ಲಿಸಿಕೊಂಡು ರೊಟ್ಟಿ ತಿಂದಿದ್ದಳು, ಒಳಗೆ ಹೋಗಿರಲಿಲ್ಲ. ಗುಡಿಯ ಬೀಗದ ಕೈ ಇಟ್ಟುಕೊಂಡಿದ್ದವರು ಮಾರಿನಸ್ ಎಂಬ ಅಜ್ಜ. ದೊಡ್ಡ ಹಡಗುಗಳಿಗೆ ಮರಳುದಿಬ್ಬಗಳ ನಡುವೆ ದಾರಿ ತೋರಿಸುವ ಪೈಲಟ್ ಆಗಿ ಬಾಳೆಲ್ಲ ಕಳೆದವರು, ಈಗ ಪ್ರತಿ ಗುರುವಾರ ಮಾಮಿಯ ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಹೋಗುವವರು. ಈಶಾನ್ ವಿಷಯ ಅವರಿಗೆ ಗೊತ್ತಿತ್ತು. ಅಕ್ಟೋಬರಿನ ಒಂದು ಮಧ್ಯಾಹ್ನ, ಹಡಗಿನವರ ದೇವಿಯನ್ನು ಒಮ್ಮೆ ನೋಡು ಬಾ ಎಂದು ಬಾಗಿಲು ತೆರೆದರು.

ಒಳಗೆ ಕಲ್ಲಿನಲ್ಲಿ ಕೂತ ಹೆಂಗಸು. ಭುಜದ ಮೇಲೊಂದು ಗಿಡ್ಡ ಮೇಲುಹೊದಿಕೆ, ಕಾಲ ಬಳಿ ನಾಯಿ, ಮಡಿಲಿನ ತುಂಬ ಸೇಬುಹಣ್ಣು. ಮಾಮಿ ನೋಡುತ್ತಲೇ ನನಗೆ ಫೋನ್ ಮಾಡಿದಳು. ಕಚೇರಿಯ ಮೀಟಿಂಗಿನಲ್ಲಿದ್ದೆ, ಆದರೂ ಎತ್ತಿದೆ.

“ಸ್ಮಿತಾ, ಈಕಿ ಉಡಿ ತುಂಬ್ಯಾರ ನೋಡ,” ಎಂದಳು. “ನಮ್ಮಾಕಿನ ಇದ್ದಂಗ ಅದಾಳ.”

ಮಾರಿನಸ್ ಅಜ್ಜ ಕಲ್ಲುಗಳ ಮೇಲಿನ ಬರಹ ಓದಿ ಹೇಳಿದರಂತೆ. ಇಂಥ ಉಪ್ಪಿನ ವ್ಯಾಪಾರಿ ತನ್ನ ಸರಕು ಸುರಕ್ಷಿತ ಮುಟ್ಟಿದ್ದಕ್ಕೆ ಈ ಕಲ್ಲು ನಿಲ್ಲಿಸಿದ, ಇಂಥವನು ಮೀನಿನ ಸಾಸ್ ಮಾರುವವನು, ಇಂಥವಳು ಇಂಥವರ ಮಗಳು. ಎಲ್ಲದರ ಕೊನೆಗೂ ಅದೇ ನಾಲ್ಕು ಲ್ಯಾಟಿನ್ ಅಕ್ಷರ, ನಾಲ್ಕು ಪದಗಳ ಮೊದಲಕ್ಷರ. ಬೇಡಿಕೊಂಡವರು ತಮ್ಮ ಮಾತನ್ನು ಸಂತೋಷದಿಂದ, ದೇವಿಗೆ ಸಲ್ಲತಕ್ಕಂತೆ ತೀರಿಸಿದರು ಎಂದು ಅವುಗಳ ಅರ್ಥ. ಅಜ್ಜ ಅದನ್ನು ಬಿಡಿಸಿ ಹೇಳಲು ಹೊರಟಾಗ ಮಾಮಿ ತಡೆದಳು. ಹರಕೆ ಅಂದರೇನೆಂದು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಜ್ಜ ಹೊರಗೆ ಹೋದ ಮೇಲೆ ಮಾಮಿ ಕೈ ಮುಗಿದು ಬೇಡಿಕೊಂಡಳು: “ನನ್ನ ಮಗನ್ನ ನೆಲಾ ಮುಟ್ಟಸವ್ವ. ನನ್ನ ಕೈಯಾರೆ ನಿನ್ನ ಉಡಿ ತುಂಬತೀನಿ.”

ವಾಪಸು ಬಸ್ಸು ಓಡಿಸುವಾಗ, ಅರ್ಧ ದಾರಿಯಲ್ಲಿ, ತಾನು ಏನು ಹೇಳಿದೆ ಎನ್ನುವುದು ಆಕೆಗೆ ಹೊಳೆಯಿತು. ಉಡಿ ತುಂಬಿಸುತ್ತೇನೆ ಎಂದಿದ್ದರೆ ಯಾರೋ ಮುತ್ತೈದೆಯರನ್ನು ಕರೆದು ಮುಗಿಸಬಹುದಿತ್ತು. ನನ್ನ ಕೈಯಾರೆ ಎಂದುಬಿಟ್ಟಿದ್ದಳು. ಉಡಿ ಮುಟ್ಟುವಂತಿಲ್ಲದವಳು ಉಡಿಯನ್ನೇ ಹರಕೆ ಹೊತ್ತಿದ್ದಳು, ಮತ್ತು ಹೊತ್ತ ಹರಕೆಯನ್ನು ಆಮೇಲೆ ತಿದ್ದುವ ಪದ್ಧತಿ ನಮ್ಮಲ್ಲಿಲ್ಲ.

ಸಂಜೆ ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಅವ್ವ ಗಾಬರಿಯಾದಳು. ದೇವಿಗೆ ತಪ್ಪುಗಾಣಿಕೆ ಇಟ್ಟು, ಹುಡುಗ ಬಂದ ಮೇಲೆ ಐದು ಮುತ್ತೈದೆಯರಿಂದ ತುಂಬಿಸು, ನೀನು ಮಾತ್ರ ಮುಟ್ಟಬೇಡ, ಒಳ್ಳೆಯದಾಗುವ ಹೊತ್ತಿನಲ್ಲಿ ಅಪಶಕುನ ಬೇಡ ಎಂದಳು. ಆ ದೇವಿಗೆ ಕನ್ನಡ ಬರುವುದಿಲ್ಲ, ಆದ್ದರಿಂದ ಹರಕೆ ಲೆಕ್ಕಕ್ಕಿಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಅತ್ತಿಗೆ-ನಾದಿನಿ ಇಬ್ಬರೂ ಒಂದಾಗಿ ನನ್ನನ್ನು ಬೈದರು. ಆ ವಿಷಯದಲ್ಲಾದರೂ ಅವರಿಗೆ ಒಮ್ಮತವಿತ್ತು.

ಫೆಬ್ರುವರಿ 2021. ಹಡಗು ಬ್ರೆಜಿಲ್‌ನಿಂದ ಸರಕು ಹೊತ್ತು ನೇರ ಫ್ಲಿಸಿಂಗೆನ್‌ಗೇ ಬರುತ್ತಿದೆ ಎಂಬ ಸುದ್ದಿ ಬಂತು. ಮಾಮಿ ಮನೆ ತೊಳೆದಳು, ಅವನ ಹಾಸಿಗೆ ಬಿಸಿಲಿಗೆ ಹಾಕಲು ಬಿಸಿಲಿಲ್ಲದ ಕಾರಣ ಹೀಟರಿನ ಮುಂದೆ ನಿಲ್ಲಿಸಿದಳು, ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟಿದಳು. ಹಡಗು ಬರಲು ನಾಲ್ಕೈದು ದಿನವಿದ್ದಾಗ ಈಶಾನ್ ಫೋನ್ ಮಾಡಿದ. ಬದಲಿಗೆ ಬರಬೇಕಿದ್ದವನಿಗೆ ಕೊರೊನಾ ಬಂದಿದೆ, ಬೇರೆಯವರು ಸಿಕ್ಕಿಲ್ಲ, ಕಂಪನಿಯವರು ಪಶ್ಚಿಮ ಆಫ್ರಿಕಾಕ್ಕೆ ಇನ್ನೊಂದು ಪ್ರಯಾಣ ಮುಗಿಸು ಎಂದಿದ್ದಾರೆ. ತಾನು ಒಪ್ಪಿಕೊಂಡೆ ಎಂದ. ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ಹತ್ತಿರ ಬಂದು, ಇಳಿಯದೆ ಹೋಗುವವನಿದ್ದ.

ಮಾಮಿ ಅಳಲಿಲ್ಲ. ಗುರುವಾರ ಬಸ್ಸಿನಲ್ಲಿ ಮಾರಿನಸ್ ಅಜ್ಜನನ್ನು ಮುಂದಿನ ಸೀಟಿಗೆ ಕರೆದು, ಪ್ಲಾಸ್ಟಿಕ್ ಪರದೆಯ ಸಂದಿಯಿಂದ ಕೇಳಿದಳು: ಒಬ್ಬ ಮನುಷ್ಯನನ್ನು ಹಡಗಿನಲ್ಲಿ ಎಷ್ಟು ದಿನ ಇಟ್ಟುಕೊಳ್ಳಬಹುದು? ಅಜ್ಜ ಹೇಳಿದ್ದು ಸರಳವಾಗಿತ್ತು. ಹಡಗಿನವರಿಗೆಂದೇ ಅಂತರರಾಷ್ಟ್ರೀಯ ಕಾಯ್ದೆ ಇದೆ, ಹನ್ನೊಂದು ತಿಂಗಳ ಮೇಲೆ ಇಟ್ಟುಕೊಂಡರೆ ಬಂದರಿನ ಇನ್‌ಸ್ಪೆಕ್ಟರ್ ಹಡಗನ್ನೇ ತಡೆಯಬಹುದು. ದೂರು ಕೊಡುವ ನಂಬರನ್ನೂ ಕೊಟ್ಟರು. ಆದರೆ ಇನ್‌ಸ್ಪೆಕ್ಟರ್ ಹಡಗು ಹತ್ತಿ ಕೇಳಿದಾಗ, ಇಳಿಯಬೇಕು ಎಂದು ಹುಡುಗನೇ ಬಾಯಿಬಿಟ್ಟು ಹೇಳಬೇಕು. ತಾಯಿ ಹೇಳಿದರೆ ನಡೆಯುವುದಿಲ್ಲ. ಹೆಚ್ಚಿನವರು ಹೇಳುವುದಿಲ್ಲ, ಮುಂದೆ ಕೆಲಸ ಸಿಗಲಿಕ್ಕಿಲ್ಲವೆಂಬ ಹೆದರಿಕೆ ಎಂದೂ ಸೇರಿಸಿದರು.

ಮಾಮಿ ದೂರು ಕೊಟ್ಟಳು. ಆಮೇಲೆ ಮಗನಿಗೆ ಫೋನ್ ಮಾಡುವಾಗ ನನ್ನನ್ನೂ ಸೇರಿಸಿಕೊಂಡಳು.

“ಮಮ್ಮಾ, ನಾ ಬಾಯಿ ಬಿಟ್ರ ಕಂಪನಿಯವರು ಮುಂದ ಕರಿಯಂಗಿಲ್ಲ,” ಎಂದ ಈಶಾನ್. “ಒನ್ ಮೋರ್ ಟ್ರಿಪ್, ಅಷ್ಟ. ಬಾಕಿ ಮಂದೀನೂ ಸುಮ್ನ ಅದಾರ. ಐ ಆಮ್ ಫೈನ್.”

“ನೀ ಫೈನ್ ಅದಿ ಏನಂತ ನಾ ಕೇಳಿಲ್ಲ. ಇಳಿಯಾಕ ಮನಸ್ಸೈತೋ ಇಲ್ಲೋ?”

ಅವನು ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ.

“ಕೆಲಸ ಹೋದ್ರ ಹೋಗ್ಲಿ,” ಎಂದಳು ಮಾಮಿ. “ನಾ ದುಡೀತೀನಿ, ಕೂತು ಉಣ್ಣು. ಆದ್ರ ಈ ಮಾತು ನಿನ್ನ ಪರವಾಗಿ ನಾ ಹೇಳಾಕ ಬರಂಗಿಲ್ಲ ಈಶಾನ್. ಹೇಳಾಕ ಬಂದಿದ್ರ ಎಂದೋ ಹೇಳತಿದ್ದೆ.”

ಲೈನು ಕಡಿಯಿತು. ಅವನೇ ಇಟ್ಟನೋ, ನೆಟ್‌ವರ್ಕ್ ಹೋಯಿತೋ ತಿಳಿಯಲಿಲ್ಲ.

ಹಡಗು ಬರುವ ದಿನ ನಾನು ಹಾರ್ಲೆಮ್‌ನಲ್ಲಿ ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಅದರ ಚುಕ್ಕೆಯನ್ನು ಹಿಂಬಾಲಿಸುತ್ತ, ಮಾಮಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಆಕೆ ಫ್ಲಿಸಿಂಗೆನ್‌ನ ದಂಡೆಯ ಮೇಲೆ ನಿಂತಿದ್ದಳು. ಬಂದರಿಗೆ ಹೋಗುವ ಹಡಗು ಅಲ್ಲಿ ಊರಿನ ಮುಂದೆಯೇ ಹಾಯಬೇಕು. ಕಿವಿ ಕತ್ತರಿಸುವ ಗಾಳಿ. ಎದುರಿಗೆ ಹಡಗು ಬಂತು, ಕರಿಯ ಗೋಡೆಯಂತೆ. ಡೆಕ್ಕಿನ ಮೇಲೆ ಕೆಲವರು ನಿಂತಿದ್ದರು, ಈಶಾನ್ ಇರಲಿಲ್ಲ. ಇರುವಂತೆಯೂ ಇರಲಿಲ್ಲ. ಬಂದರು ಹೊಗುವ ಹೊತ್ತಿನಲ್ಲಿ ಎಂಜಿನಿಯರುಗಳು ಕೆಳಗೆ ಎಂಜಿನ್ನಿನ ಪಕ್ಕದಲ್ಲಿರಬೇಕು, ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೂ ಇಲ್ಲದ ಕಡೆ. ಮಗ ತಾಯಿಯ ಎದುರೇ ಹಾದುಹೋಗುತ್ತಿದ್ದ, ಒಬ್ಬರಿಗೊಬ್ಬರು ಕಾಣುವಂತಿರಲಿಲ್ಲ.

ಮಾಮಿಗೆ ಅದು ಗೊತ್ತಿತ್ತು. ಆದರೂ ರೇನ್‌ಕೋಟ್ ಬಿಚ್ಚಿ ಕಲ್ಲಿನ ಮೇಲಿಟ್ಟಳು. ಒಳಗೆ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಕೆಂಪು ಸೆರಗಿನ ತುದಿ ಹಿಡಿದು ಎರಡೂ ಕೈ ಮೇಲೆತ್ತಿ ಬೀಸಿ, ಹಡಗಿನ ಜೊತೆಜೊತೆಗೇ ದಂಡೆಯುದ್ದ ಓಡಿದಳು. ನಾಯಿ ತಿರುಗಾಡಿಸುತ್ತಿದ್ದ ಡಚ್ಚರು ದಾರಿ ಬಿಟ್ಟು ನಿಂತರು. ಡೆಕ್ಕಿನ ಮೇಲಿದ್ದ ಫಿಲಿಪೀನ್ಸಿನ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮುಖಂಡ, ಸೀರೆ ಕಂಡು ಇದು ಯಾರ ತಾಯಿ ಎಂದು ಕೂಡಲೇ ತಿಳಿದು ಫೋನಿನಲ್ಲಿ ವಿಡಿಯೊ ತೆಗೆದ. ಆ ವಿಡಿಯೊ ಈಗ ನನ್ನ ಬಳಿಯೂ ಇದೆ. ಅದರಲ್ಲಿ ಮಾಮಿ ಬೆರಳಿನಷ್ಟು ಕಾಣುತ್ತಾಳೆ, ಆದರೆ ಸೆರಗು ಚೆನ್ನಾಗಿ ಕಾಣುತ್ತದೆ. ಒಂದು ಕಡೆ ಮುಗ್ಗರಿಸುತ್ತಾಳೆ, ಎದ್ದು ಮತ್ತೆ ಓಡುತ್ತಾಳೆ.

ಹಡಗನ್ನು ದಕ್ಕೆಗೆ ಕಟ್ಟಿದ ಮೇಲೆ ಈಶಾನ್ ಊಟಕ್ಕೆ ಬಂದಾಗ ಬೋಸನ್ ಅದನ್ನು ತೋರಿಸಿದ. ಈಶಾನ್ ನೋಡಿದ. ಫೋನ್ ವಾಪಸು ಕೊಡಲಿಲ್ಲ, ಮತ್ತೆ ನೋಡಿದ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಎಲ್ಲರೆದುರು ಅತ್ತ. ಅವನು ಅತ್ತದ್ದನ್ನು ನೋಡಿ ಇನ್ನಿಬ್ಬರು ಅತ್ತರಂತೆ. ಯಾರ ಮನೆಯಲ್ಲೂ ತಾಯಿ ಇಲ್ಲದಿರಲಿಲ್ಲ.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಹಡಗು ಹತ್ತಿದರು. ಊಟದ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿ, ಇಳಿಯಬೇಕಾದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಕಪ್ತಾನ ಅಲ್ಲೇ ನಿಂತಿದ್ದ. ಈಶಾನ್ ಎದ್ದು ನಿಂತು, ಇಳಿಯಬೇಕು ಎಂದ. ದನಿ ಸಣ್ಣದಾಗಿತ್ತು, ಇನ್‌ಸ್ಪೆಕ್ಟರ್ ಮತ್ತೊಮ್ಮೆ ಹೇಳಿ ಎಂದರು, ಈ ಸಲ ಜೋರಾಗಿ ಹೇಳಿದ. ಬೋಸನ್ ಎದ್ದ. ಅಡುಗೆಯವನು ಎದ್ದ. ಒಟ್ಟು ಏಳು ಜನ ಎದ್ದರು. ಬದಲಿ ಜನ ಬರುವವರೆಗೆ ಹಡಗು ಬಂದರು ಬಿಡುವಂತಿಲ್ಲ ಎಂದು ಆದೇಶವಾಯಿತು. ಇಷ್ಟು ತಿಂಗಳು ಸಿಗದಿದ್ದ ಬದಲಿ ಜನ ಆ ವಾರವೇ ಸಿಕ್ಕರು. ಎಲ್ಲಿ ಬಚ್ಚಿಟ್ಟಿದ್ದರೋ, ನಾನು ಕೇಳಿಲ್ಲ.

ಬಂದರಿನ ಗೇಟಿನಾಚೆ ಬಿಡುವುದಿಲ್ಲವಾದ್ದರಿಂದ ಮಾಮಿ ರಸ್ತೆಯಲ್ಲೇ ಕಾದಳು. ಏಳು ಜನ ವ್ಯಾನಿನಿಂದ ಇಳಿದರು. ಎದೆ ಮುಟ್ಟುವ ಗಡ್ಡದ, ಬಿಳಿಚಿಕೊಂಡ ಈಶಾನ್ ನೆಲ ಅಲುಗಾಡುತ್ತಿದೆಯೇನೋ ಎನ್ನುವಂತೆ ಕಾಲು ಅಗಲಿಸಿ ನಡೆಯುತ್ತ ಬಂದ. ಒಂದೂವರೆ ಮೀಟರ್ ಅಂತರದ ಕಾನೂನು ಆ ರಸ್ತೆಯಲ್ಲಿ ಅವತ್ತು ಕೆಲ ಹೊತ್ತು ಇರಲಿಲ್ಲ. ಮಾಮಿ ಮಗನನ್ನು ಅಪ್ಪಿ ಹಿಡಿದು, ಮೊದಲು ಬೈದದ್ದು ಗಡ್ಡಕ್ಕೆ. ಆಮೇಲೆ ತಂದಿದ್ದ ಹೋಳಿಗೆಯನ್ನು ಏಳೂ ಜನಕ್ಕೆ ಹಂಚಿದಳು. ಫೋನಿನಲ್ಲಿ ನೋಡುತ್ತಿದ್ದ ನನ್ನ ಖುಷಿಯನ್ನು ಹೇಗೆ ಹೇಳಲಿ? ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಅವ್ವ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಕಣ್ಣೊರೆಸಿಕೊಂಡ ಮೇಲೆ ಅವ್ವ ಹರಕೆಯ ವಿಷಯ ತೆಗೆದಳು. ಆದರೆ ಐದು ಮುತ್ತೈದೆಯರನ್ನು ಎಲ್ಲಿಂದ ತರುವುದು? ಆಗ ಹೊರಗಡೆ ಇಬ್ಬರಿಗಿಂತ ಹೆಚ್ಚು ಜನ ಸೇರುವಂತಿರಲಿಲ್ಲ, ಸೇರಿದರೆ ದಂಡ. ಗುಳೇದಗುಡ್ಡದ ಪದ್ಧತಿಗೂ ಡಚ್ ಸರಕಾರಕ್ಕೂ ನೇರ ಜಟಾಪಟಿ. ಅವ್ವ ಯೋಚಿಸಿ ಐದನ್ನು ಒಂದಕ್ಕೆ ಇಳಿಸಿದಳು. ನಾನೊಬ್ಬಳು ಮುತ್ತೈದೆ ಸಾಕು, ನಾನು ತುಂಬುವುದು, ಮಾಮಿ ಪಕ್ಕದಲ್ಲಿ ನಿಂತು ಕೈ ಮುಗಿಯುವುದು. ಟ್ರಂಕಿನಿಂದ ತವರಿನ ಖಣ ತೆಗೆದು ಕೊಟ್ಟಳು, ವಿಡಿಯೊದಲ್ಲಿ ತನಗೆ ಎಲ್ಲ ಕಾಣಬೇಕು ಎಂದಳು.

ಹೀಗೆ ನಾನು ಕೊಲೈನ್ಸ್‌ಪ್ಲಾಟ್‌ಗೆ ಹೋದೆ. ಮಾರಿನಸ್ ಅಜ್ಜ ಬಾಗಿಲು ತೆರೆದರು. ನಿಮ್ಮನ್ನೂ ಸೇರಿಸಿದರೆ ಮೂವರಾಗುತ್ತೇವಲ್ಲ ಎಂದಾಗ, ತಾನು ಕಟ್ಟಡದ ಲೆಕ್ಕ ಎಂದು ಹೇಳಿ ಹೊರಗೆ ನಿಂತರು. ಈಶಾನ್ ದಂಡೆಯ ಮೇಲೆ ನಡೆಯಲು ಹೋದ. ಆ ದಿನಗಳಲ್ಲಿ ಅವನು ಸುಮ್ಮನೆ ನಡೆಯುತ್ತಲೇ ಇರುತ್ತಿದ್ದ. ಫೋನನ್ನು ಕಲ್ಲಿಗೆ ಒರಗಿಸಿಟ್ಟೆ. ಪರದೆಯ ತುಂಬ ಅವ್ವನ ಮುಖ.

ತಟ್ಟೆ ನನ್ನ ಕೈಯಲ್ಲಿತ್ತು. ಮಾಮಿ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದಳು, ಅವ್ವ ಹೇಳಿದ್ದಂತೆಯೇ. ಕೈ ಮಾತ್ರ ಮುಗಿದಿರಲಿಲ್ಲ.

“ಅಜ್ಜಾರ,” ಎಂದು ಹೊರಗೆ ನೋಡಿ ಕರೆದು, ಮಿಕ್ಕದ್ದನ್ನು ಡಚ್ಚಿನಲ್ಲಿ ಕೇಳಿದಳು, ಈ ಕಲ್ಲುಗಳನ್ನೆಲ್ಲ ಯಾರು ನಿಲ್ಲಿಸಿದರು, ಮದುವೆಯಾದ ಹೆಂಗಸರೋ? ಅಜ್ಜನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೇಡಿಕೊಂಡವರು ನಿಲ್ಲಿಸಿದರು, ಗಂಡಸರು, ಹೆಂಗಸರು, ಯಾರಾದರೂ ಸರಿ, ಬೇಡಿಕೊಂಡವರೇ ತೀರಿಸಬೇಕಲ್ಲ ಎಂದರು.

ಮಾಮಿ ಫೋನಿನ ಕಡೆ ತಿರುಗಿದಳು. “ಅಕ್ಕಾರ, ಹರಕಿ ನಂದು. ಬೇಡ್ಕೊಂಡಿದ್ದು ನಾನು, ಆಕಿ ಕೊಟ್ಟಿದ್ದು ನನಗ. ನಾನ ತುಂಬತೀನಿ.”

ಅವ್ವ ಏನು ಹೇಳುತ್ತಾಳೆಂದು ನಾನು ಕಾಯಲಿಲ್ಲ. ತಟ್ಟೆಯನ್ನು ಮಾಮಿಯ ಕೈಗೆ ಕೊಟ್ಟು ಹಿಂದೆ ಸರಿದೆ.

ಮಾಮಿ ದೇವಿಯ ಮಡಿಲಿನ ಮೇಲೆ ಖಣ ಹಾಸಿದಳು. ಅರಿಷಿಣ, ಕುಂಕುಮ ಕಲ್ಲಿಗೆ ಕಲೆಯಾಗದಂತೆ ಖಣದ ಮೇಲೇ ಇಟ್ಟಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಬಳೆ ಇಟ್ಟಳು. ಬೊಗಸೆ ತುಂಬ ಅಕ್ಕಿ ಎತ್ತಿ ಸುರಿದಳು. ಮೊದಲ ಬೊಗಸೆಯಿಂದ ನಾಲ್ಕು ಕಾಳು ಕಲ್ಲಿನ ನಾಯಿಯ ತಲೆಯ ಮೇಲೆ ಬಿದ್ದವು. ಮೂರನೆಯದರಲ್ಲಿ ಒಂದು ಕಾಳೂ ಹೊರಗೆ ಬೀಳಲಿಲ್ಲ. ಐದನೆಯದಕ್ಕೆ ಆಕೆ ನಗುತ್ತಿದ್ದಳು, ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿದ್ದರೂ ನಗುತ್ತಿದ್ದಳು. ಮಾಮ ಹೋದ ಮೇಲೆ ಆಕೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಹೆಮ್ಮೆಯಾಯಿತು.

ಕರೆ ಕಡಿದಿದೆಯೇನೋ ಎಂದು ಬಗ್ಗಿ ನೋಡಿದೆ. ಅವ್ವ ಅಲ್ಲೇ ಇದ್ದಳು, ಮಾಮಿಯ ಕೈಗಳನ್ನೇ ನೋಡುತ್ತಿದ್ದಳು.

ತಟ್ಟೆಯಲ್ಲಿ ಇನ್ನೂ ಅಕ್ಕಿ ಉಳಿದಿತ್ತು. ಮಾಮಿ ಒಂದು ಬೊಗಸೆ ಎತ್ತಿ ಫೋನಿನ ಮುಂದೆ ಹಿಡಿದಳು. “ಅಕ್ಕಾರ, ನಿಮ್ಮ ಹೆಸರಿಲೆ ಒಂದು ಬೊಗಸಿ ಹಾಕಲೇನು?”

“ಬ್ಯಾಡ,” ಎಂದಳು ಅವ್ವ.

ಮಾಮಿ ಕೈ ಇಳಿಸಿದಳು. ನನಗೆ ಆ ಫೋನನ್ನು ಎತ್ತಿ ಸಮುದ್ರಕ್ಕೆ ಎಸೆಯುವಷ್ಟು ಸಿಟ್ಟು ಬಂತು.

“ನನ್ನ ಹೆಸರಿಲೆ ನೀ ಯಾಕ ಹಾಕತಿ,” ಎಂದಳು ಅವ್ವ. ಮೂಗು ಸೀಟಿಕೊಂಡಳು. “ಅದನ್ನ ಹಂಗ ಇಡ. ನಾಳಿ ಟ್ರೇನಿಗೆ ನಾನ ಬರತೀನಿ.”